ಔಷಧಿ ತರಲು ಹೋದವನು

ನಾನು ಮೊಬೈಲಿನಲ್ಲಿ ಬರೆದು ಹಾಕುತ್ತಿದ್ದ ಧಾರಾವಾಹಿಯ 61ನೇ ಕಂತಿಗೆ ಒಬ್ಬ ಓದುಗರು ಒಂದೇ ಸಾಲಿನ ಪ್ರತಿಕ್ರಿಯೆ ಬರೆದಿದ್ದರು: ‘ಅದೆಲ್ಲ ಸರಿ, ಅಜ್ಜಿಗೆ ಔಷಧಿ ತಂದುಕೊಟ್ಟನಾ?’

ಆ ಕಂತಿನಲ್ಲಿ ನನ್ನ ನಾಯಕ ಚಿರಂತ ಏಳು ಹೆಡೆಯ ಸರ್ಪವೊಂದನ್ನು ಬರಿಗೈಯಲ್ಲಿ ಸೀಳಿದ್ದ. ಅದರ ವಿಷ ಕುಡಿದು, ಅರಗಿಸಿಕೊಂಡು, ಬಲದ ಇನ್ನೊಂದು ಮೆಟ್ಟಿಲು ಏರಿದ್ದ. ಉಳಿದವರೆಲ್ಲ ‘ಬೆಂಕಿ’, ‘ಮುಂದಿನ ಕಂತು ಯಾವಾಗ’ ಎಂದು ಬರೆಯುತ್ತಿರುವಾಗ ಇವರದು ಅಜ್ಜಿಯ ಪ್ರಶ್ನೆ. ಯಾವ ಅಜ್ಜಿ? ಬರೆದ ನನಗೇ ಥಟ್ಟನೆ ನೆನಪಾಗಲಿಲ್ಲ. ಹಿಂದಕ್ಕೆ ಹೋಗಿ ಹುಡುಕಿದೆ. ಮೂರನೇ ಕಂತಿನಲ್ಲಿ ಸಿಕ್ಕಳು.

ಚಿರಂತ ಶಿವಮೊಗ್ಗದ ಅಡಿಕೆ ಮಂಡಿಯಲ್ಲಿ ಮೂಟೆ ಹೊರುವ ಹುಡುಗ. ಮನೆಯಲ್ಲಿ ಇರುವುದು ಉಬ್ಬಸದ ಅಜ್ಜಿ ಒಬ್ಬಳೇ. ಒಂದು ಮಳೆಯ ರಾತ್ರಿ ಅಜ್ಜಿಗೆ ಉಸಿರಾಡಲು ಕಷ್ಟವಾಗುತ್ತದೆ. ಡಾಕ್ಟರು ಬರೆದುಕೊಟ್ಟ ಚೀಟಿಯನ್ನೂ 240 ರೂಪಾಯಿಯನ್ನೂ ಜೇಬಿಗೆ ಹಾಕಿಕೊಂಡು ಹುಡುಗ ಮೆಡಿಕಲ್ ಶಾಪಿಗೆ ಓಡುತ್ತಾನೆ. ಮಂಡಿಯ ಹಿಂದಿನ ಓಣಿಯಲ್ಲಿ ಬೆಳಕಿನ ಬಾಗಿಲೊಂದು ತೆರೆದುಕೊಳ್ಳುತ್ತದೆ. ಒಳಗೆ ಹೋದವನಿಗೆ ಶಕ್ತಿ ಸಿಗುತ್ತದೆ. ಆಮೇಲೆ ಅವನು ಆ ಲೋಕದಿಂದ ಶಿವಮೊಗ್ಗಕ್ಕೆ ಎಷ್ಟೋ ಸಲ ಬಂದುಹೋದ. ಒಮ್ಮೆ ಹಳೆಯ ಸಾಹುಕಾರನ ಕಾರನ್ನು ಒಂದು ಕೈಯಲ್ಲಿ ಎತ್ತಿ ತುಂಗೆಗೆ ಎಸೆದ. ಮೆಡಿಕಲ್ ಶಾಪಿಗೆ ಮಾತ್ರ ಹೋಗಲಿಲ್ಲ. 58 ಕಂತುಗಳಿಂದ ಆ ಮುದುಕಿ ಚಾಪೆಯ ಮೇಲೆ ಎದೆ ಹಿಡಿದುಕೊಂಡು ಕೂತೇ ಇದ್ದಳು.

ನನಗೆ ನಗು ಬಂತು. ಆಮೇಲೆ ನಗು ನಿಂತಿತು. ಇಂಥ ಕಥೆಗಳನ್ನು ಓದುವಾಗ ಬೇರೆಯವರ ಮೇಲೆ ನಾನು ಹೊರಿಸುತ್ತಿದ್ದ ಆಪಾದನೆಯೇ ಇದು.

ಈ ಬಗೆಯ ಕಥೆಗಳ ಓದುಗರಿಗೆ ‘ಓಪಿ’ ಎಂಬ ಮಾತು ಗೊತ್ತು. ಓವರ್‌ಪವರ್ಡ್, ಅಂದರೆ ಎದುರಿಗೆ ಯಾರೂ ನಿಲ್ಲಲಾಗದಷ್ಟು ಬಲ ಬಂದ ನಾಯಕ. ಜಪಾನಿನಲ್ಲಿ 2004ರಲ್ಲಿ ‘ಶೋಸೆತ್ಸುಕಾ ನಿ ನಾರೋ’ ಎಂಬ ಜಾಲತಾಣ ಶುರುವಾಯಿತು. ಹೆಸರಿನ ಅರ್ಥ ‘ಕಾದಂಬರಿಕಾರರಾಗೋಣ’ ಎಂದು. ಅಲ್ಲಿ ಯಾರು ಬೇಕಾದರೂ ಕಂತು ಕಂತಾಗಿ ಕಥೆ ಬರೆದು ಹಾಕಬಹುದು. ಸತ್ತು ಇನ್ನೊಂದು ಲೋಕದಲ್ಲಿ ಹುಟ್ಟಿ ಮಹಾಬಲಶಾಲಿಯಾಗುವ ನಾಯಕರು ಸಾಲುಸಾಲಾಗಿ ಬಂದದ್ದು ಮುಖ್ಯವಾಗಿ ಅಲ್ಲಿಂದ. ಚೀನಾದಲ್ಲೂ ಕೊರಿಯಾದಲ್ಲೂ ಇಂಥದೇ ತಾಣಗಳು, ಇಂಥದೇ ನಾಯಕರು. ಈಗ ನಮ್ಮ ಹಾಸ್ಟೆಲುಗಳಲ್ಲಿ ರಾತ್ರಿ ಎರಡು ಗಂಟೆಗೆ ಹೊದಿಕೆಯೊಳಗೆ ಬೆಳಗುವ ಮೊಬೈಲುಗಳಲ್ಲಿ ಅರ್ಧಕ್ಕರ್ಧ ಇವರೇ ಇರುತ್ತಾರೆ.

ನನಗೆ ಇವರು ಸಿಕ್ಕದ್ದು 2021ರ ಮಳೆಗಾಲದಲ್ಲಿ. ಎಂಜಿನಿಯರಿಂಗ್ ಎರಡನೇ ವರ್ಷ. ಕಾಲೇಜು ಮುಚ್ಚಿತ್ತು, ಹಾಸ್ಟೆಲ್ ಖಾಲಿಯಾಗಿತ್ತು, ಎರಡು ವಿಷಯಗಳಲ್ಲಿ ಫೇಲಾಗಿದ್ದೆ. ತೀರ್ಥಹಳ್ಳಿ ಕಡೆಯ ನಮ್ಮ ಮನೆಯಲ್ಲಿ ನೆಟ್‌ವರ್ಕ್ ಸಿಗುವುದು ಕೊಟ್ಟಿಗೆಯ ಒಂದು ಮೂಲೆಯಲ್ಲಿ ಮಾತ್ರ. ದನಗಳ ಜೊತೆ ನಿಂತು ಆನ್‌ಲೈನ್ ಪಾಠ ಕೇಳುತ್ತಿದ್ದೆ. ಪಾಠ ಅರ್ಥವಾಗದಿದ್ದಾಗ ‘ಸೋಲೋ ಲೆವೆಲಿಂಗ್’ ಓದುತ್ತಿದ್ದೆ.

ಇದು ಕೊರಿಯಾದ ಚೂಗಾಂಗ್ ಎಂಬ ಲೇಖಕರ ವೆಬ್ ಕಾದಂಬರಿ. 2016ರಲ್ಲಿ ಬರತೊಡಗಿ, 2018ರಿಂದ ಚಿತ್ರಕಥೆಯಾಗಿ ಲೋಕವೆಲ್ಲ ಹಬ್ಬಿತು. ನಾಯಕ ಸುಂಗ್ ಜಿನ್‌ವೂ ರಾಕ್ಷಸ ಪ್ರಾಣಿಗಳನ್ನು ಬೇಟೆಯಾಡುವ ಬೇಟೆಗಾರರಲ್ಲಿ ಎಲ್ಲರಿಗಿಂತ ದುರ್ಬಲ, ‘ಇ’ ದರ್ಜೆಯವ. ಹೋದ ಕಡೆಯಲ್ಲೆಲ್ಲ ಪೆಟ್ಟು ತಿಂದು ಬರುತ್ತಾನೆ. ಆದರೂ ಹೋಗಲೇಬೇಕು. ತಾಯಿ ಎಚ್ಚರವಿಲ್ಲದ ಕಾಯಿಲೆಯಲ್ಲಿ ಆಸ್ಪತ್ರೆ ಸೇರಿದ್ದಾಳೆ, ತಂಗಿ ಇನ್ನೂ ಓದುತ್ತಿದ್ದಾಳೆ. ಒಂದು ದಿನ ನೆಲದೊಳಗಿನ ಗುಡಿಯೊಂದರಲ್ಲಿ ಎಲ್ಲರೂ ಸಿಕ್ಕಿಹಾಕಿಕೊಂಡಾಗ, ಉಳಿದವರು ಪಾರಾಗಲಿ ಎಂದು ಇವನು ಹಿಂದೆ ಉಳಿಯುತ್ತಾನೆ. ಸಾಯಬೇಕಾದವನು ಬದುಕುತ್ತಾನೆ. ಅಲ್ಲಿಂದ ಮುಂದೆ ಅವನ ಕಣ್ಣಿಗೆ ಮಾತ್ರ ಕಾಣುವ ಒಂದು ಫಲಕ ಗಾಳಿಯಲ್ಲಿ ಮೂಡುತ್ತದೆ. ದಿನಕ್ಕೆ 100 ದಂಡ, 100 ಬಸ್ಕಿ, 100 ಸಿಟ್-ಅಪ್, 10 ಕಿಲೋಮೀಟರ್ ಓಟ. ಮಾಡಿದರೆ ಬಲ ಇಷ್ಟು ಹೆಚ್ಚಿತು ಎಂದು ಅಂಕಿ ತೋರಿಸುತ್ತದೆ.

ಆ ಅಂಕಿ ನನ್ನನ್ನು ಹಿಡಿದುಹಾಕಿತು. ನಾನು ದಿನಕ್ಕೆ ಆರು ಗಂಟೆ ಗಣಿತ ಓದಿದರೂ ನನ್ನೊಳಗೆ ಏನು ಹೆಚ್ಚಿತು ಎಂದು ಯಾವ ಫಲಕವೂ ತೋರಿಸುತ್ತಿರಲಿಲ್ಲ. ಪಟ್ಟ ಶ್ರಮಕ್ಕೆ ತಕ್ಕ ಫಲ, ಅದೂ ಆ ಕ್ಷಣಕ್ಕೇ, ಲೆಕ್ಕದ ಸಮೇತ. ಈ ಕಥೆಗಳನ್ನು ಹುಡುಗಾಟ ಎಂದು ತಳ್ಳಿಹಾಕುವವರನ್ನು ಕಂಡರೆ ನನಗೆ ಈಗಲೂ ಸ್ವಲ್ಪ ಸಿಟ್ಟು ಬರುತ್ತದೆ. ಫೇಲಾದವನಿಗೆ ಆ ಮಳೆಗಾಲದಲ್ಲಿ ಬೇರೆ ಯಾವ ಪುಸ್ತಕವೂ ಅಷ್ಟು ಧೈರ್ಯ ಕೊಡಲಿಲ್ಲ.

ಆದರೆ ಓದುತ್ತ ಹೋದಂತೆ ಏನೋ ಕಳೆದುಹೋಗುತ್ತಿದೆ ಅನ್ನಿಸತೊಡಗಿತು. ಜಿನ್‌ವೂ ಎತ್ತರವಾದ, ಮುಖ ಚೂಪಾಯಿತು, ಮಾತು ಕಡಿಮೆಯಾಯಿತು. ತನ್ನನ್ನು ಕೊಲ್ಲಲು ಬಂದ ಮನುಷ್ಯರನ್ನು ಮೊದಲ ಸಲ ಕೊಂದಾಗ, ತನಗೆ ಏನೂ ಅನ್ನಿಸುತ್ತಿಲ್ಲವಲ್ಲ ಎಂದು ಅವನೇ ಕ್ಷಣಕಾಲ ಬೆರಗಾಗುತ್ತಾನೆ. ಎಂಥ ಜಾಗ ಅದು! ಇಡೀ ಕಾದಂಬರಿ ಅಲ್ಲಿ ಒಂದು ರಾತ್ರಿ ತಂಗಬಹುದಿತ್ತು. ತಂಗಲಿಲ್ಲ, ಮುಂದಿನ ಬಾಗಿಲಿಗೆ ಹೊರಟಿತು. ಮುಂದೆ ಅವನು ಅಪಾಯದ ಕೋಟೆಯೊಂದನ್ನು ಗೆದ್ದು ಸಂಜೀವಿನಿಯಂಥ ಔಷಧ ತಂದು ತಾಯಿಯನ್ನು ಎಬ್ಬಿಸುತ್ತಾನೆ. ಕೊಟ್ಟಿಗೆಯಲ್ಲಿ ನಿಂತು ಅದನ್ನು ಓದುವಾಗ ನನಗೆ ಅಳು ಬಂದಿತ್ತು. ಆದರೆ ಎದ್ದ ಮೇಲೆ ಆ ತಾಯಿಗೆ ಕಥೆಯಲ್ಲಿ ಹೆಚ್ಚಿನ ಕೆಲಸ ಉಳಿಯಲಿಲ್ಲ. ಮಗ ಯಾರಾಗಿಬಿಟ್ಟಿದ್ದಾನೆ ಎಂದು ನೋಡಿ ಬೆಚ್ಚುವ ಹಕ್ಕು ಇದ್ದದ್ದು ಅವಳಿಗೆ. ಆ ನೋಟವನ್ನು ಕಥೆ ಅವಳಿಗೆ ಸರಿಯಾಗಿ ಕೊಡಲೇ ಇಲ್ಲ ಎಂದು ನನ್ನ ದೂರು.

ಅವನ ಸ್ವಭಾವವನ್ನು ಬದಲಿಸಿದ್ದು ಆ ಶಕ್ತಿಯೇ, ಆದ್ದರಿಂದ ಅದು ಅಸಂಗತವಲ್ಲ ಎಂದು ವಾದಿಸುವ ಗೆಳೆಯರು ನನಗಿದ್ದಾರೆ. ಇರಬಹುದು. ಮನುಷ್ಯ ಬದಲಾಗುವುದಕ್ಕೆ ನನ್ನ ತಕರಾರಿಲ್ಲ. ಹೆದರುಪುಕ್ಕಲ ಕ್ರೂರಿಯಾಗಬಹುದು, ಕ್ರೂರಿ ಸಂತನಾಗಬಹುದು. ಆದರೆ ಬದಲಾದದ್ದು ಕಥೆಗೆ ಗೊತ್ತಿರಬೇಕು. ಇಂಥ ಕಥೆಗಳಲ್ಲಿ ಎಷ್ಟೋ ಸಲ ಅದು ಗೊತ್ತೇ ಇರುವುದಿಲ್ಲ. ಯುದ್ಧದಲ್ಲಿ ಮಂಜುಗಡ್ಡೆಯಂತೆ ತಣ್ಣಗಿರುವವನು ಹುಡುಗಿ ಎದುರು ಬಂದರೆ ಕಿವಿ ಕೆಂಪಾಗಿ ತೊದಲುತ್ತಾನೆ. ಮೂರು ರಾಜ್ಯಗಳ ಸಂಚನ್ನು ಕೂತಲ್ಲೇ ಬಿಡಿಸುವ ಬುದ್ಧಿವಂತ, ಅಪಹರಣದ ಪ್ರಸಂಗ ಬೇಕಾದಾಗ ಎಳೆ ಮಗುವೂ ಬೀಳದ ಬಲೆಗೆ ಬೀಳುತ್ತಾನೆ. ನಲವತ್ತು ವರ್ಷದ ಮನಸ್ಸು ಹೊತ್ತು ಮಗುವಾಗಿ ಹುಟ್ಟಿದವನು ನಲವತ್ತರ ಹಾಗೂ ಯೋಚಿಸುವುದಿಲ್ಲ, ಮಗುವಿನ ಹಾಗೂ ಅಲ್ಲ. ಆಯಾ ಪ್ರಸಂಗಕ್ಕೆ ಯಾವುದು ಅನುಕೂಲವೋ ಹಾಗೆ. ಅಂಥವನಿಗೆ ಸ್ವಭಾವ ಎನ್ನುವುದು ಇರುವುದಿಲ್ಲ. ದೃಶ್ಯಕ್ಕೊಂದು ವೇಷ ಇರುತ್ತದೆ.

ಫ್ಯೂಸ್ ಎಂಬ ಲೇಖಕರ ಸ್ಲೈಮ್ ಕಥೆಯನ್ನು ಅನಿಮೆಯಲ್ಲಿ ನೋಡಿದವರು ನಮ್ಮಲ್ಲಿ ಬಹಳ ಜನ. ಅದು ಮೊದಲು ಬಂದದ್ದು 2013ರಲ್ಲಿ, ನಾರೋ ತಾಣದಲ್ಲೇ. ಸತ್ತ ನೌಕರನೊಬ್ಬ ಜೆಲ್ಲಿಯಂಥ ಪ್ರಾಣಿಯಾಗಿ ಹುಟ್ಟಿ, ರಿಮುರು ಎಂಬ ಹೆಸರಿನಲ್ಲಿ ರಾಕ್ಷಸರಿಗೂ ಮನುಷ್ಯರಿಗೂ ಸಾಮರಸ್ಯದ ಊರೊಂದನ್ನು ಕಟ್ಟುತ್ತಾನೆ. ಮೃದು ಮನಸ್ಸಿನವ, ಊಟದ ಆಸೆಯವ. ಅವನ ಊರಿನವರನ್ನು ನೆರೆರಾಜ್ಯದವರು ಕೊಂದಾಗ, ಸತ್ತವರನ್ನು ಬದುಕಿಸುವ ದಾರಿ ಹುಡುಕಿಕೊಂಡು ಅವನು ಸುಮಾರು 20,000 ಸೈನಿಕರ ಸೇನೆಯನ್ನು ಆಕಾಶದಿಂದ ಬೆಳಕಿನ ಸೂಜಿಗಳನ್ನು ಸುರಿಸಿದಂತೆ ಕೊಲ್ಲುತ್ತಾನೆ. ಅಲ್ಲಿಯವರೆಗೆ ಕಥೆ ನಡುಕ ಹುಟ್ಟಿಸುತ್ತದೆ. ಆಮೇಲೆ ಸತ್ತ ಊರಿನವರೆಲ್ಲ ಎದ್ದು ಕೂರುತ್ತಾರೆ, ಹಬ್ಬವಾಗುತ್ತದೆ, ರಿಮುರು ಮತ್ತೆ ಊಟದ ಆಸೆಯ ರಿಮುರುವೇ. ಆ 20,000 ಅವನೊಳಗೆ ಎಲ್ಲಿ ಹೋಯಿತು?

ಸಾವಿರ ವರ್ಷದ ಹಿಂದೆ ನಮ್ಮ ರನ್ನನ ಎದುರಿಗೂ ಇಂಥದೇ ಕಷ್ಟವಿತ್ತು. ‘ಗದಾಯುದ್ಧ’ದಲ್ಲಿ ಅವನ ನಾಯಕ ಭೀಮ, ತನ್ನ ರಾಜ ಸತ್ಯಾಶ್ರಯನನ್ನು ಆ ಭೀಮನಿಗೆ ಸಮೀಕರಿಸಿ ಬರೆಯುತ್ತಿದ್ದಾನೆ, ಗೆಲುವು ಮೊದಲೇ ತೀರ್ಮಾನವಾಗಿದೆ. ಅಂಥ ಕಾವ್ಯದಲ್ಲಿ ಅವನು ಮಾಡಿದ್ದೇನು? ಸೋಲಲಿರುವ ದುರ್ಯೋಧನನನ್ನು ರಣರಂಗದಲ್ಲಿ ನಡೆಸಿದ. ಗುರುವಿನ ಹೆಣ, ತಮ್ಮನ ಹೆಣ, ಗೆಳೆಯ ಕರ್ಣನ ಹೆಣ, ಶತ್ರುವಿನ ಮಗ ಅಭಿಮನ್ಯುವಿನ ಹೆಣ, ಒಂದೊಂದರ ಮುಂದೆಯೂ ನಿಲ್ಲಿಸಿದ. ಕಾವ್ಯ ಓದಿದವರಿಗೆ ಕೊನೆಗೆ ನೆನಪಿರುವುದು ಭೀಮನ ಗದೆಗಿಂತ ಆ ನಡಿಗೆ. ಸ್ಲೈಮ್ ಕಥೆಯಲ್ಲಿ ಆ 20,000 ಜನರ ನಡುವೆ ಯಾರೂ ಹಾಗೆ ನಡೆದುಹೋಗುವುದಿಲ್ಲ.

ಇದೆಲ್ಲ ಬರೆಯುವವರ ಅಸಾಮರ್ಥ್ಯ ಎಂದು ನಾನು ಬಹಳ ದಿನ ನಂಬಿದ್ದೆ. ಕೈಗೆ ಲೇಖನಿ ಬಂದ ಮೇಲೆ ಬೇರೆಯೇ ತಿಳಿಯಿತು.

2023ರ ಫೆಬ್ರವರಿಯಲ್ಲಿ, ಕೊನೆಯ ಸೆಮಿಸ್ಟರಿನಲ್ಲಿ ಚಿರಂತನ ಕಥೆ ಶುರುಮಾಡಿದೆ. ವಾರಕ್ಕೆ ಎರಡು ಕಂತು. ಪರೀಕ್ಷೆ ಇದ್ದಾಗ ಬಿಡುವು. ಮೊದಲ ಪಾಠ ಎಂದರೆ, ಹಾಕಿದ ಕಂತು ಹಾಕಿದ್ದೇ. 20ನೇ ಕಂತಿನಲ್ಲಿ ಹೊಸದೇನೋ ಹೊಳೆದರೆ ಐದನೆಯದನ್ನು ತಿದ್ದಬಹುದು, ಆದರೆ ಐದನೆಯದನ್ನು ಆಗಲೇ ಓದಿದವರು ತಿರುಗಿ ಬರುವುದಿಲ್ಲ. ಎರಡನೆಯದು ಲೆಕ್ಕ. ಯಾವ ಕಂತನ್ನು ಎಷ್ಟು ಜನ ಓದಿದರು ಎಂಬ ಅಂಕಿ ದಿನವೂ ಕಣ್ಣಿಗೆ ಬೀಳುತ್ತದೆ. ಅಜ್ಜಿ ಕೆಮ್ಮುವ ಮೂರನೇ ಕಂತಿಗೆ ಎಲ್ಲಕ್ಕಿಂತ ಕಡಿಮೆ. ಚಿರಂತ ಮಂಡಿಯ ಮೇಸ್ತ್ರಿಗೆ ಕಪಾಳಮೋಕ್ಷ ಮಾಡುವ ಒಂಬತ್ತನೆಯದಕ್ಕೆ ಅದರ ಮೂರರಷ್ಟು. ಕಪಾಳಕ್ಕೆ ಹೊಡೆಯುವುದು ಕೆಮ್ಮುವುದಕ್ಕಿಂತ ಒಳ್ಳೆಯ ಸಾಹಿತ್ಯ ಎಂದು ನನ್ನ ಕೈ ತಾನಾಗಿಯೇ ಕಲಿತುಬಿಟ್ಟಿತು. ಇದರಿಂದ ನನಗೆ ಬಿಡಿಗಾಸೂ ಬರುತ್ತಿರಲಿಲ್ಲ. ಚೀನಾದಲ್ಲಾದರೆ ಸಾವಿರ ಅಕ್ಷರಕ್ಕೆ ಇಷ್ಟು ಎಂದು ಓದುಗರು ಹಣ ಕೊಟ್ಟು ಓದುವ ಪದ್ಧತಿ 2003ರಲ್ಲೇ ಶುರುವಾಗಿತ್ತು. ಬಾಡಿಗೆ, ಊಟ, ಮಕ್ಕಳ ಫೀಸು ಎಲ್ಲ ನಾಳೆಯ ಕಂತಿನ ಮೇಲೆ ನಿಂತವರು ಮೂರನೇ ಕಂತಿನ ಮುದುಕಿಯನ್ನು ನೆನಪಿಟ್ಟುಕೊಳ್ಳಲಿ ಎಂದು ಹೇಗೆ ಕೇಳುವುದು?

ಮೂರನೆಯದು ಏಣಿಯ ಕಾಟ. ನಾಯಕ ಒಂದು ಮೆಟ್ಟಿಲು ಹತ್ತಿದ ಕೂಡಲೇ ಕೆಳಗಿನ ಮೆಟ್ಟಿಲಿನ ಜನರಿಗೆ ಕೆಲಸವಿಲ್ಲ. ಬೆಟ್ಟ ಒಡೆಯುವವನಿಗೆ ಮೇಸ್ತ್ರಿಯ ಬೈಗುಳ ಏನು ಮಾಡೀತು? ಹಸಿದಾಗ ಐವತ್ತು ರೂಪಾಯಿ ಕೊಟ್ಟ ಗೆಳೆಯ ಏನು ಮಾಡಿಯಾನು? ಹೀಗೆ ಒಬ್ಬೊಬ್ಬರೇ ಉದುರಿದರು. ಅವರು ಉದುರಿದಾಗ ಚಿರಂತನ ಒಂದೊಂದು ಗುಣವೂ ಜೊತೆಗೇ ಉದುರಿತು. ಮೇಸ್ತ್ರಿಯ ಎದುರು ಮಾತ್ರ ಅವನಲ್ಲಿ ಭಯವಿತ್ತು. ಗೆಳೆಯನ ಜೊತೆ ಮಾತ್ರ ಅವನು ತಮಾಷೆ ಮಾಡುತ್ತಿದ್ದ. ಅಜ್ಜಿಯ ಎದುರು ಮಾತ್ರ ಸುಳ್ಳು ಹೇಳುತ್ತಿದ್ದ, ‘ನಂದು ಊಟ ಆಯ್ತು’ ಅಂತ. ಇವರೆಲ್ಲ ಹೋದ ಮೇಲೆ ಉಳಿದದ್ದು ಬಲ. ಹಾಗಾಗಿ 12ನೇ ಕಂತಿನಲ್ಲಿ ಬೀದಿನಾಯಿಗೆ ಹೆದರಿ ಗೋಡೆ ಹತ್ತಿದವನು 40ರಲ್ಲಿ ತೋಳದ ಬೆನ್ನೇರಿ ಬಂದ. ಆ ಹೆದರಿಕೆ ಯಾವಾಗ ಹೋಯಿತು ಎಂದು ನಾನು ಬರೆಯಲೇ ಇಲ್ಲ. 22ರಲ್ಲಿ ಮನುಷ್ಯರನ್ನು ಕೊಲ್ಲುವುದಿಲ್ಲ ಎಂದು ಆಣೆ ಮಾಡಿದವನು 37ರಲ್ಲಿ ಹನ್ನೊಂದು ಜನರನ್ನು ಕೊಂದು, 45ರಲ್ಲಿ ಕ್ಷಮೆಯ ಬಗ್ಗೆ ಭಾಷಣ ಮಾಡಿದ.

ಈ ಕಾಟದಿಂದ ತಪ್ಪಿಸಿಕೊಂಡ ಲೇಖಕರೂ ಇದ್ದಾರೆ. ಜಪಾನಿನ ಒನ್ ಎಂಬ ಲೇಖಕರು 2009ರಲ್ಲಿ ತಮ್ಮ ಒರಟು ಚಿತ್ರಗಳಲ್ಲೇ ಶುರುಮಾಡಿದ ‘ಒನ್ ಪಂಚ್ ಮ್ಯಾನ್’ ನೋಡಿ. ಸೈತಾಮಾ ಮಾಡಿದ್ದೂ ಅದೇ 100 ದಂಡ, 100 ಬಸ್ಕಿಯ ವ್ಯಾಯಾಮ. ಒಂದೇ ಗುದ್ದಿಗೆ ಎಂಥ ವೈರಿಯೂ ಚೂರು. ಆದರೆ ತಲೆಗೂದಲೆಲ್ಲ ಉದುರಿದೆ, ಗೆಲುವಿನಲ್ಲಿ ಸಂತೋಷವೇ ಉಳಿದಿಲ್ಲ, ಅಂಗಡಿಯ ರಿಯಾಯಿತಿ ಮಾರಾಟ ತಪ್ಪಿಹೋದರೆ ನಿಜವಾದ ಸಂಕಟ. ಬಲ ಅವನಿಂದ ಏನು ಕಿತ್ತುಕೊಂಡಿತು ಎಂಬುದೇ ಅಲ್ಲಿ ಕಥೆ. ಕುಗಾನೆ ಮಾರುಯಾಮಾ ಅವರ ‘ಓವರ್‌ಲಾರ್ಡ್’ನಲ್ಲಿ ಒಬ್ಬ ಸಾಮಾನ್ಯ ನೌಕರ ಆಟದ ಲೋಕದೊಳಗೆ ಅಸ್ಥಿಪಂಜರದ ಮಾಂತ್ರಿಕನಾಗಿ ಸಿಕ್ಕಿಕೊಳ್ಳುತ್ತಾನೆ. ಅವನು ತಣ್ಣಗಾಗಿದ್ದಕ್ಕೆ ಕಾರಣ ಕಥೆಯೊಳಗೇ ಇದೆ: ಸತ್ತ ದೇಹದಲ್ಲಿ ಭಾವನೆ ಉಕ್ಕಿದ ಕೂಡಲೇ ಯಾರೋ ಸ್ವಿಚ್ ಆರಿಸಿದಂತೆ ಅದು ನಿಂತುಹೋಗುತ್ತದೆ. ಹೊರಗೆ ಮಹಾಪ್ರಭುವಿನ ಗಾಂಭೀರ್ಯ, ಒಳಗೆ ಕೆಳಗಿನವರ ಎದುರು ಮರ್ಯಾದೆ ಹೋದೀತೆಂಬ ನೌಕರನ ದಿಗಿಲು. ಅವನು ಎಷ್ಟು ಕೊಂದರೂ ಆ ದಿಗಿಲಿನಿಂದ ನಾವು ಅವನನ್ನು ಗುರುತು ಹಿಡಿಯುತ್ತೇವೆ.

ನನಗೆ ಎಲ್ಲಕ್ಕಿಂತ ಇಷ್ಟವಾದದ್ದು ಕ್ರೊವೇಷಿಯಾದ ದೊಮಾಗೊಯ್ ಕುರ್ಮಾಯಿಚ್ ಇಂಗ್ಲಿಷಿನಲ್ಲಿ ಬರೆದ ‘ಮದರ್ ಆಫ್ ಲರ್ನಿಂಗ್’. ಮಾಂತ್ರಿಕ ವಿದ್ಯಾಲಯದ ಹುಡುಗ ಝೋರಿಯನ್ ಒಂದೇ ತಿಂಗಳನ್ನು ಮತ್ತೆ ಮತ್ತೆ ಬದುಕಬೇಕಾಗುತ್ತದೆ. ತಿಂಗಳು ಮುಗಿದೊಡನೆ ಮೊದಲ ದಿನದ ಬೆಳಗ್ಗೆಗೆ ವಾಪಸು. ಪುಟ್ಟ ತಂಗಿ ಕಿರಿಯೆಲ್ ಹಾಸಿಗೆಯ ಮೇಲೆ ಧುಮುಕಿ ಅವನನ್ನು ಎಬ್ಬಿಸುತ್ತಾಳೆ. ಮೊದಮೊದಲು ಸಿಡುಕ, ತಂಗಿಯನ್ನು ಊರಿನಲ್ಲೇ ಬಿಟ್ಟು ಹೊರಡುವವ. ತಿಂಗಳುಗಳು ಉರುಳಿದಂತೆ ಅವನ ವಿದ್ಯೆ ಬೆಳೆಯುತ್ತದೆ, ಮಹಾ ಮಾಂತ್ರಿಕರಿಗೆ ಸಮನಾಗುತ್ತಾನೆ. ಜೊತೆಗೇ ಒಂದು ಸಲ ತಂಗಿಯನ್ನು ಕರೆದುಕೊಂಡು ಹೊರಡುತ್ತಾನೆ, ಅವಳಿಗೂ ಒಂದು ಮನಸ್ಸಿದೆ ಎಂದು ಕಂಡುಕೊಳ್ಳುತ್ತಾನೆ. ತಿಂಗಳು ಮುಗಿದರೆ ಅವಳಿಗೆ ಎಲ್ಲ ಮರೆತಿರುತ್ತದೆ, ಇವನಿಗೆ ಮರೆಯುವುದಿಲ್ಲ. ಅವನು ಎಷ್ಟು ಬದಲಾದ ಎನ್ನುವುದಕ್ಕೆ ಬೇರೆ ಫಲಕ ಬೇಕಿಲ್ಲ, ಪ್ರತಿ ಬೆಳಗ್ಗೆ ಅದೇ ತಂಗಿ ಧುಮುಕಿದಾಗ ಅವನು ಮಾಡುವ ಮುಖವೇ ಸಾಕು. ಈ ಕಥೆಯೂ ಕಂತುಗಳಲ್ಲೇ ಬಂದದ್ದು. 108 ಅಧ್ಯಾಯಗಳಿಗೆ 2011ರಿಂದ 2020ರವರೆಗೆ ಸಮಯ ಹಿಡಿಯಿತು, ಹೆಚ್ಚೂಕಡಿಮೆ ತಿಂಗಳಿಗೊಂದು.

ಅಂದರೆ ಕಂತಿನಲ್ಲಿ ಬರೆಯುವುದೇ ತಪ್ಪಲ್ಲ. ಅದು ನನಗೆ ಮೊದಲೇ ಗೊತ್ತಿರಬೇಕಿತ್ತು. ನನ್ನ ಅಜ್ಜಿ ಬದುಕಿಡೀ ಓದಿದ್ದು ಧಾರಾವಾಹಿಗಳನ್ನೇ. ವಾರಪತ್ರಿಕೆಗಳಲ್ಲಿ ಬಂದ ಕಾದಂಬರಿಗಳ ಪುಟಗಳನ್ನು ಕತ್ತರಿಸಿ, ದಬ್ಬಣದಿಂದ ಹೊಲಿದು, ಹಳೆಯ ಕ್ಯಾಲೆಂಡರಿನ ರಟ್ಟು ಹಾಕಿದ ಹನ್ನೆರಡು ಪುಸ್ತಕಗಳು ಅವಳ ಟ್ರಂಕಿನಲ್ಲಿವೆ. ಯಾವ ಕಥೆಯಲ್ಲಿ ಯಾವ ಸೊಸೆಯ ಬಳೆ ಎಲ್ಲಿ ಅಡವಿಟ್ಟಿತ್ತು ಎಂದು ಈಗಲೂ ಹೇಳುತ್ತಾಳೆ.

61ನೇ ಕಂತಿನ ಆ ಪ್ರಶ್ನೆ ಬಂದದ್ದು ಅಕ್ಟೋಬರಿನಲ್ಲಿ. ಆಗ ನಾನು ಬೆಂಗಳೂರಿನಲ್ಲಿ ಕೆಲಸಕ್ಕೆ ಸೇರಿ ಮೂರು ತಿಂಗಳಾಗಿತ್ತು. ಮುಂದಿನ ಕಂತು ಬರೆಯಲಾಗಲಿಲ್ಲ. ದೀಪಾವಳಿಗೆ ಊರಿಗೆ ಹೋದಾಗ ಅಜ್ಜಿಗೆ ಕಣ್ಣಿನ ಪೊರೆಯ ಆಪರೇಷನ್ ಆಗಿತ್ತು, ಓದುವ ಹಾಗಿರಲಿಲ್ಲ. ‘ನೀನು ಎಂತದೋ ಬರೀತೀಯಂತಲ್ಲ ಮಾರಾಯ, ಓದು ಕೇಳನ’ ಅಂದಳು.

ಓದಿದೆ. ಮೊದಲ ಕಂತು, ಎರಡನೆಯದು. ಮೂರನೆಯದನ್ನು ಹಾರಿಸಿದೆ. ಅದರಲ್ಲಿ ಉಬ್ಬಸದ ಅಜ್ಜಿ ಇದ್ದಳು. ಉಬ್ಬಸ ಯಾರದು, ಕೆಮ್ಮಿ ಆದ ಮೇಲೆ ಸೆರಗಿನಿಂದ ಬಾಯಿ ಒರೆಸಿಕೊಂಡು ನಗುವ ರೀತಿ ಯಾರದು ಎಂದು ಎದುರಿಗೆ ಕೂತವಳಿಗೆ ಗೊತ್ತಾಗದೆ ಇರುತ್ತದೆಯೇ? ನೇರ ನಾಲ್ಕನೆಯದಕ್ಕೆ ಹೋದೆ: ಮಳೆ, ಓಣಿ, ಬೆಳಕಿನ ಬಾಗಿಲು.

‘ತಡಿ ತಡಿ. ಇವ್ನು ಅಷ್ಟ್ ರಾತ್ರೀಲಿ ಮಳೇಲಿ ಹೊರಗೆ ಹೋಗಿದ್ದು ಎಂತಕ್ಕೆ?’

‘ಸುಮ್ನೆ ಹೋಗಿದ್ದ, ಅಜ್ಜಿ.’

‘ಸುಮ್ನೆ ಯಾರಾದ್ರೂ ಹೋಗ್ತಾರನಾ?’

ಉತ್ತರ ಕೊಡದೆ ಮುಂದಕ್ಕೆ ಓದಿದೆ. ಅಲ್ಲೊಂದು ಇಲ್ಲೊಂದು ಕಂತು ಓದಿ ಸರ್ಪದ ತನಕ ಬಂದಾಗ ಅಜ್ಜಿ ಆಕಳಿಸಿದಳು. ‘ಬಲ ಬಂತು, ಸರಿ. ಇವ್ನಿಗೆ ಹಸಿವು ಆಗದಿಲ್ವಾ? ಭೀಮಂಗೆ ಎಷ್ಟ್ ಬಲ ಇದ್ರೂ ಹಸಿವು ಹೋಗ್ಲಿಲ್ಲ ನೋಡು. ಬಕಾಸುರ ಬೆನ್ನಿಗೆ ಗುದ್ದತಾ ಇದ್ರೂ ಬಂಡಿ ಅನ್ನ ಉಣ್ಣದು ಬಿಟ್ನಾ?’ ಆಮೇಲೆ ತಾನೇ ಸೌಗಂಧಿಕಾ ಪುಷ್ಪದ ಕಥೆಗೆ ಹೋದಳು. ದ್ರೌಪದಿ ಕೇಳಿದಳೆಂದು ಭೀಮ ಹೂವು ತರಲು ಹೊರಟ. ದಾರಿಗೆ ಅಡ್ಡ ಮುದಿ ಕೋತಿಯೊಂದು ಬಾಲ ಚಾಚಿ ಮಲಗಿತ್ತು. ಸಾವಿರ ಆನೆಯ ಬಲದವನಿಗೆ ಆ ಬಾಲ ಎತ್ತಲಾಗಲಿಲ್ಲ. ಯಕ್ಷಗಾನದಲ್ಲಿ ಭೀಮ ಬೆವರು ಒರೆಸಿಕೊಳ್ಳುವುದನ್ನು ಅಜ್ಜಿ ಕೂತಲ್ಲೇ ಮಾಡಿ ತೋರಿಸಿದಳು. ನಾನು ಚಿಕ್ಕವನಿದ್ದಾಗ ಎಷ್ಟೋ ಸಲ ಕೇಳಿದ ಕಥೆ. ಆದರೆ ಭೀಮ ಹೊರಟಿದ್ದು ಎಂತಕ್ಕೆ ಎಂಬುದನ್ನು ಅವಳು ಒಂದು ಸಲವೂ ಬಿಡದೆ ಹೇಳುತ್ತಿದ್ದಳು ಎಂದು ಅವತ್ತು ಗಮನಿಸಿದೆ. ಹೂವು ಮರೆತರೆ ಭೀಮ ಸುಮ್ಮನೆ ಕಾಡಿನಲ್ಲಿ ಮರ ಮುರಿಯುತ್ತ ಹೋಗುವ ದಡಿಯ, ಅಷ್ಟೇ.

ರಾತ್ರಿ ಅಜ್ಜಿಗೆ ಉಬ್ಬಸ ಬಂತು. ಗೂಡಿನಿಂದ ಪಂಪು ತೆಗೆದು ಎರಡು ಸಲ ಎಳೆದುಕೊಂಡು ಸುಮ್ಮನೆ ಕೂತಳು. ಇದನ್ನು ಈಗ ಯಾರು ತಂದುಕೊಡುತ್ತಾರೆ ಎಂದು ಕೇಳಿದೆ. ಪಕ್ಕದ ಮನೆಯ ಹುಡುಗ ತೀರ್ಥಹಳ್ಳಿಗೆ ಹೋದಾಗ ತರುತ್ತಾನಂತೆ. ಮೊದಲು ತರುತ್ತಿದ್ದವನು ನಾನು. ಆ ಪ್ರಶ್ನೆಯನ್ನು ನಾನು ಅವಳಿಗೆ ಕೇಳದೆ ವರ್ಷದ ಮೇಲಾಗಿತ್ತು.

ಇದನ್ನು ಹೇಳಿ ಕಥೆಗೂ ಬದುಕಿಗೂ ಗಂಟು ಹಾಕಿ ಮುಗಿಸುವ ಆಸೆ ನನಗಿಲ್ಲ. ಒಂದು ಮಾತು ಮಾತ್ರ ಒಪ್ಪಿಕೊಳ್ಳಬೇಕು. ಅಜ್ಜಿಯನ್ನು ನಾನು ಮರೆತದ್ದಕ್ಕೆ ಲೆಕ್ಕ, ಕಂತು, ಏಣಿ ಎಂದು ಮೇಲೆ ಕೊಟ್ಟ ಕಾರಣಗಳೆಲ್ಲ ನಿಜ. ಅವುಗಳ ಕೆಳಗೆ ಇನ್ನೊಂದಿದೆ. ಮೂಟೆ ಹೊರುವ, ಫೀಸಿಲ್ಲದ, ನಾಯಿಗೆ ಹೆದರುವ ಆ ಹುಡುಗ ನನಗೇ ಬೇಡವಾಗಿದ್ದ. ನಾನು ಪಾಸಾಗಿದ್ದೆ, ಕೆಲಸ ಸಿಕ್ಕಿತ್ತು. ಅವನೂ ಬೇಗ ಅಲ್ಲಿಂದ ಎದ್ದು ಬರಲಿ, ತಿರುಗಿ ನೋಡದಿರಲಿ ಎಂದು ನನಗೆ ಅವಸರವಿತ್ತು. ಬಲ ಬಂದವನಿಗೆ ಹಳೆಯ ನೆನಪು ಅಗತ್ಯವಿಲ್ಲ ಎಂದುಕೊಂಡು ಬರೆದದ್ದು ಯಾವ ಚೀನಾದ ಲೇಖಕನೂ ಅಲ್ಲ, ನಾನು.

‘ಸೋಲೋ ಲೆವೆಲಿಂಗ್’ನ ಕೊನೆಯನ್ನು ನಾನು ಆಮೇಲೆ ಮತ್ತೆ ಓದಿದೆ. ಎಲ್ಲರನ್ನೂ ಉಳಿಸಲು ಜಿನ್‌ವೂ ಕಾಲವನ್ನೇ ಹಿಂದಕ್ಕೆ ತಿರುಗಿಸಿ, ಲೋಕಗಳ ನಡುವಿನ ಬಿರುಕಿನಲ್ಲಿ 27 ವರ್ಷ ಒಬ್ಬನೇ ಯುದ್ಧ ಮಾಡುತ್ತಾನೆ. ಗೆದ್ದು ಬಂದಾಗ ಅವನು ಮಾಡಿದ್ದು ಯಾರಿಗೂ ನೆನಪಿಲ್ಲ; ಅವನಿಗೆ ಮಾತ್ರ ಎಲ್ಲ ನೆನಪಿದೆ. ಆ 27 ವರ್ಷವನ್ನು ಕಥೆ ಬೇಗಬೇಗ ದಾಟಿಬಿಡುತ್ತದೆ. ಆದರೂ ಈ ಸಲ ಅಲ್ಲಿ ನಾನು ಸ್ವಲ್ಪ ಹೊತ್ತು ನಿಂತೆ. ಕೊಟ್ಟಿಗೆಯಲ್ಲಿ ನಿಂತು ಓದಿದವನಿಗೆ ಆ ಒಂಟಿತನ ಕಂಡಿರಲಿಲ್ಲ.

62ನೇ ಕಂತನ್ನು ಬೆಂಗಳೂರಿಗೆ ಬಂದ ಮೇಲೆ ಬರೆದೆ. ಚಿರಂತ ಶಿವಮೊಗ್ಗದ ಮೆಡಿಕಲ್ ಶಾಪಿನ ಮುಂದೆ ನಿಂತಿದ್ದಾನೆ. ಜೇಬಿನಲ್ಲಿ ಮಳೆಗೆ ನೆನೆದು ಒಣಗಿದ ಅದೇ ಚೀಟಿ, ಅದೇ 240 ರೂಪಾಯಿ. ಅಂಗಡಿಯವರು ಕನ್ನಡಕ ಏರಿಸಿ ಚೀಟಿ ನೋಡುತ್ತಾರೆ. ‘ಇದು ಹಳೇ ಚೀಟಿ. ಈ ಔಷಧಿ ಈಗ್ಲೂ ಕೊಡ್ಬೇಕೋ ಬೇಡ್ವೋ ಡಾಕ್ಟ್ರನ್ನ ಕೇಳ್ಬೇಕು. ಪೇಷಂಟ್ ಹೇಗಿದ್ದಾರೆ?’ ಅನ್ನುತ್ತಾರೆ. ಬೆಟ್ಟ ಒಡೆಯುವವನಿಗೆ ಉತ್ತರ ಗೊತ್ತಿಲ್ಲ. ಕಂತು ಅಲ್ಲಿಗೆ ಮುಗಿಯುತ್ತದೆ.

ಮೂರನೆಯದಕ್ಕಿಂತಲೂ ಕಡಿಮೆ ಜನ ಓದಿದರು. ಇಬ್ಬರು ‘ಫೈಟ್ ಎಲ್ಲಿ’ ಎಂದು ಕೇಳಿದರು. ಔಷಧಿಯ ಬಗ್ಗೆ ಕೇಳಿದ್ದ ಓದುಗರು ಮಾತ್ರ ‘ಸರಿ, ಮುಂದೆ?’ ಎಂದು ಬರೆದರು.

ಮುಂದೆ ಅವನು ಮನೆಗೆ ಹೋಗಬೇಕು. 63ನೇ ಕಂತು ಇನ್ನೂ ಬರೆದಿಲ್ಲ. ಬಾಗಿಲು ತೆರೆದಾಗ ಅಜ್ಜಿ ಏನನ್ನಬಹುದು ಎಂದು ನಾಲ್ಕು ಸಲ ಬರೆದು ಹೊಡೆದುಹಾಕಿದ್ದೇನೆ. ಸರ್ಪಕ್ಕೆ ಇಷ್ಟು ಕಷ್ಟವಾಗಿರಲಿಲ್ಲ. ಈ ತಿಂಗಳ ಪಂಪನ್ನು ನಾನೇ ಕೊಂಡಿಟ್ಟುಕೊಂಡಿದ್ದೇನೆ. ಶುಕ್ರವಾರ ರಾತ್ರಿಯ ಬಸ್ಸಿಗೆ ಟಿಕೆಟ್ ಆಗಿದೆ. ಅಜ್ಜಿಗೆ ಮೂರನೇ ಕಂತನ್ನು ಓದಿ ಹೇಳಿ ಬಂದು ಮುಂದಿನದನ್ನು ಬರೆಯುತ್ತೇನೆ.